ಮರಾಠಿ ಮಾತಾಡಿದ ಸಿಸ್ಟರ್

ಔರಾದ ಕಡೆಯ ಸಖುಬಾಯಿಯ ಮನೆಮಾತು ಮರಾಠಿ, ಕಸುಬು ಕುರಿ ಸಾಕುವುದು. ಕನ್ನಡ ಅಷ್ಟಕ್ಕಷ್ಟೆ. ಕಚೇರಿಗಳಲ್ಲಿ ಅವಳು ಕಂಡದ್ದು ಇಷ್ಟೆ: ಒಳಗೆ ಕುರ್ಚಿಯಲ್ಲಿ ಕೂತವರು ಕನ್ನಡದಲ್ಲಿ ಗದರಿಸುತ್ತಾರೆ, ಹೊರಗೆ ಗೇಟಿನ ಬಳಿ ನಿಂತ ದಲಾಲರು ಮರಾಠಿಯಲ್ಲಿ ನಯವಾಗಿ ಮಾತಾಡುತ್ತಾರೆ. ಹಾಗೆ ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಕರೆದವನೊಬ್ಬ ಪಿಂಚಣಿ ಮಾಡಿಸಿಕೊಡುತ್ತೇನೆಂದು ಅವಳ ಟಗರು ಹೊಡೆದುಕೊಂಡು ಹೋದ. ಪಿಂಚಣಿಯೂ ಬರಲಿಲ್ಲ, ಅವನೂ ಬರಲಿಲ್ಲ.

ಕಣ್ಣಿಗೆ ಪೊರೆ ಬಂದಾಗ ಸೊಸೆ ಶೀತಲ ಅವಳನ್ನು ಬೀದರದ ಒಂದು ಸರ್ಕಾರಿ ದವಾಖಾನೆಗೆ ಕರೆತಂದಳು. ಅಲ್ಲಿನ ನರ್ಸ್ ಹೆಪ್ಸಿಬಾ ಗಡಿಯ ಹಳ್ಳಿಗಳಲ್ಲಿ ಕೆಲಸ ಮಾಡುತ್ತ ಮರಾಠಿ ಕಲಿತವಳು. ಮುದುಕಿಯ ಕೈಹಿಡಿದು, “ಯಾ ಮಾವಶಿ, ಬಸಾ” ಎಂದು ಮರಾಠಿಯಲ್ಲೇ ಬಂದು ಕೂರಲು ಕರೆದಳು.

ಸಖುಬಾಯಿ ಕೈ ಕೊಸರಿಕೊಂಡಳು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಗೋಡೆ ತಡವುತ್ತ ಬಾಗಿಲ ಕಡೆ ಹೊರಟೇಬಿಟ್ಟಳು. ಹೆಪ್ಸಿಬಾ ಇನ್ನಷ್ಟು ಮೆತ್ತಗೆ ಕರೆದಳು. ಮುದುಕಿಯ ಹೆಜ್ಜೆ ಇನ್ನಷ್ಟು ಜೋರಾಯಿತು.

ಶೀತಲ ನಾಚಿಕೊಂಡು ಹೇಳಿದಳು: “ಸಿಸ್ಟರ್, ನಮ್ಮತ್ತಿ ಸರ್ಕಾರಿ ಜಾಗಾದಾಗ ಮರಾಠಿ ಮಾತಾಡೋರಿಗಿ ದಲಾಲ ಅಂತ ತಿಳಕೋತಾಳ್ರಿ. ಕನ್ನಡದಾಗ ಬೈರಿ, ಕೂಡ್ತಾಳ.”

ನಗುವವರು ನಗಲಿ. ಈ ಬುದ್ಧಿ ಅವಳಿಗೆ ಕುರಿಗಳಿಂದ ಬಂದದ್ದಲ್ಲ.

ಹೆಪ್ಸಿಬಾ ದನಿ ಏರಿಸಿದಳು: “ಏ ಮುದುಕಿ, ಎಲ್ಲಿ ಹೊಂಟಿ? ಕೂಡು ಇಲ್ಲಿ.”

ಸಖುಬಾಯಿ ತಿರುಗಿ ಬಂದು ಕುಳಿತಳು. ಗಂಟು ಹಿಡಿದ ಮುಷ್ಟಿ ಸಡಿಲವಾಯಿತು. ಹೆಪ್ಸಿಬಾ ಅವಳ ಗಲ್ಲ ಎತ್ತಿ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದಾಗ ಮುದುಕಿ ಸೊಸೆಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು, ಈಕೆ ಮಾತ್ರ ಖರೇ ಸರ್ಕಾರದವಳು ಎಂದು.

ಹೆಪ್ಸಿಬಾಳಿಗೆ ಆ ಮರಾಠಿಯೂ ಅರ್ಥವಾಯಿತು.