ಬಾಯಿಬಿಟ್ಟು ಹೇಳಬಹುದಾದ ಕಾಯಿಲೆ

ಅಕ್ಕನ ಕೈಯಿಂದ ಚಹಾದ ಲೋಟ ಜಾರಿ ಬಿದ್ದ ಬೆಳಿಗ್ಗೆಯೇ ಯಲಬುರ್ಗಾದ ಅವಳ ಮನೆಯಲ್ಲಿ ರೋಗ ಯಾವುದೆಂದು ತೀರ್ಮಾನವಾಗಿ ಹೋಗಿತ್ತು. ಬಲಗೈ ಏಳುತ್ತಿರಲಿಲ್ಲ, ಬಾಯಿ ಸೊಟ್ಟಗಾಗಿತ್ತು, ಮಾತು ಬರೀ ತೊದಲು. ‘ಲಕ್ವಾ ಹೊಡದೈತಿ’ ಎಂದರು ಭಾವ. ಓಣಿಯವರೆಲ್ಲ ಹೌದೆಂದರು. ನಮ್ಮ ಕಡೆ ಲಕ್ವಾಕ್ಕೆ ಡಾಕ್ಟರಿಗಿಂತ ಮೊದಲು ನೆರೆಮನೆಯವರೇ ಸರ್ಟಿಫಿಕೇಟು ಕೊಡುತ್ತಾರೆ.

ನಾನು ಕುಷ್ಟಗಿಯಲ್ಲಿ ಸಾಲಿ ಟೀಚರು. ರಜೆ ಹಾಕಿ ಓಡಿ ಬಂದೆ. ಕೆಲವು ವಾರಗಳಿಂದ ಬೆಳಗಾದರೆ ತಲೆನೋವು, ರೊಟ್ಟಿ ಬಡಿಯುವಾಗ ಕೈ ಸೋಲುತ್ತದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಅವಳನ್ನು ಕೊಪ್ಪಳಕ್ಕೆ ಕರೆದೊಯ್ದು ಡಾಕ್ಟರಿಗೆ ಅದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

‘ಹಿಂದ ಏನರ ದೊಡ್ಡ ಜಡ್ಡು ಆಗಿತ್ತೇನ್ರಿ?’

‘ಗರ್ಭಕೋಶ ತಗಿಸೇವ್ರಿ, ಅಷ್ಟ’ ಎಂದರು ಭಾವ. ಊರಿಗೆ, ನೆಂಟರಿಗೆ, ನನಗೂ ಹಾಗೆಯೇ ಹೇಳಿದ್ದರು.

‘ಲಕ್ವಾದಂಗ ಕಾಣತೈತಿ. ಆದ್ರೂ ತಲಿದು ದೊಡ್ಡ ಸ್ಕ್ಯಾನ್ ಮಾಡಸ್ರಿ’ ಎಂದರು ಡಾಕ್ಟರು. ಭಾವನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಸ್ಕ್ಯಾನ್ ಮಾಡಿಸೋಣ ಎಂದ ನನ್ನ ಮಾತು ನಡೆಯಲಿಲ್ಲ, ಮನೆಗೆ ಕರೆದುಕೊಂಡು ಬಂದೆವು.

ಪಾರಿವಾಳದ ಬಿಸಿ ರಕ್ತ ತಿಕ್ಕಿದರೆ ಲಕ್ವಾ ಇಳಿಯುತ್ತದೆ ಎಂದು ನಮ್ಮವರ ನಂಬಿಕೆ. ನೋಡಲು ಬಂದವರು ಬಾಳೆಹಣ್ಣಿನ ಬದಲು ಪಾರಿವಾಳ ತಂದರು. ತಳಕಲ್‌ನಿಂದ ಬಂದವರು ಒಂದು ಬುಟ್ಟಿ, ಪಕ್ಕದ ಹಳ್ಳಿ ಮಂಗಳೂರಿನವರು ಇನ್ನೊಂದು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದ್ದರು, ಉಪ್ಪು ನಿಲ್ಲಿಸಿದ್ದರು. ಆ ಕೋಣೆಯ ನಾತಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಅಕ್ಕ ದಿನದಿನಕ್ಕೆ ಇಳಿದು ಹೋಗುತ್ತಿದ್ದಳು. ‘ಪಥ್ಯ ಮುಗೀಲಿ, ಏಳ್ತಾಳ’ ಎನ್ನುವವರಿಗೆ ಚಹಾ ಮಾಡಿ ಮಾಡಿ ನನಗೆ ಸಾಕಾಗಿ ಹೋಗಿತ್ತು.

ಒಂದು ಮಧ್ಯಾಹ್ನ ಅವಳ ತೋಳಿಗೆ ಅಂಟಿದ ರಕ್ತ ಒರೆಸುತ್ತಿದ್ದೆ. ಅಕ್ಕ ಎಡಗೈಯಿಂದ ನನ್ನ ಕೈ ಹಿಡಿದು ತನ್ನ ಕುಪ್ಪಸದೊಳಗೆ ಒಯ್ದಳು. ಒಂದು ಕಡೆ ಬರೀ ಅರಿವೆಯ ಉಂಡೆ. ಅದರ ಕೆಳಗೆ ಎದೆ ಅಂಗೈಯಂತೆ ಸಪಾಟಾಗಿತ್ತು, ಉದ್ದಕ್ಕೂ ಹೊಲಿಗೆಯ ಗೆರೆ. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

ಭಾವನನ್ನು ಅಂಗಳಕ್ಕೆ ಕರೆದು ಬಾಯಿಗೆ ಬಂದದ್ದು ಅಂದೆ. ಅವರು ಕೊನೆಗೆ ಬಾಯಿಬಿಟ್ಟರು. ‘ಎದಿ ಗಡ್ಡಿ ಇತ್ತು. ಕ್ಯಾನ್ಸರ್ ಅಂದ್ರ ಮಗಳನ್ನ ಯಾರು ಮಾಡ್ಕೋತಾರ? ಯಾರಿಗೂ ಹೇಳಬಾರ್ದಂತ ಅಕಿನೇ ಆಣಿ ಹಾಕಿಸ್ಕೊಂಡಿದ್ಲು.’

ಮತ್ತೆ ಕೊಪ್ಪಳ, ಈ ಸಲ ಸ್ಕ್ಯಾನು. ಎದೆಯ ರೋಗ ಮಿದುಳಿಗೆ ಹಬ್ಬಿತ್ತು. ಗಡ್ಡೆಯ ಸುತ್ತ ಬಾವು ಬಂದು ಕೈಯನ್ನೂ ಮಾತನ್ನೂ ಅದುಮಿ ಹಿಡಿದಿತ್ತು. ಲಕ್ವಾ ಅಲ್ಲವೇ ಅಲ್ಲ. ಬಾವು ಇಳಿಯುವ ಔಷಧಿ ಕೊಟ್ಟ ಮೇಲೆ ಕೈ ಸ್ವಲ್ಪ ಎದ್ದಿತು, ಮಾತು ತಿರುಗಿತು. ‘ಇದು ವಾಸಿ ಅಲ್ರಿ. ಟೈಮ್ ಸಿಕ್ಕೈತಿ, ಅಷ್ಟ’ ಎಂದರು ಡಾಕ್ಟರು. ಮುಂದೆ ತಲೆಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕಿತ್ತು. ಗಂಗಾವತಿಯ ಕೆಲಸದಿಂದ ಆಸ್ಪತ್ರೆಗೆ ಬಂದ ಅಕ್ಕನ ಮಗಳಿಗೂ ನಿಜ ಗೊತ್ತಾದದ್ದು ಅಂದೇ.

ಅಕ್ಕ ಮೊದಲು ಸ್ಪಷ್ಟವಾಗಿ ಆಡಿದ ಮಾತು ನೋವಿನದಲ್ಲ, ಊಟದ್ದಲ್ಲ. ‘ಕಾರಟಗಿಯವ್ರು ಕೇಳಿದ್ರ ಲಕ್ವಾ ಅಂತ್ಲೇ ಹೇಳ್ರಿ.’ ಮಗಳನ್ನು ಮದುವೆಗೆಂದು ನೋಡಿಕೊಂಡು ಹೋದವರು ಅವರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಜೀವ ಹೋದರೂ ಚಿಂತೆಯಿಲ್ಲ, ರೋಗದ ಹೆಸರು ಮಾತ್ರ ಹೊರಗೆ ಬರಬಾರದು!

ಕಾರಟಗಿಯವರ ಫೋನು ಬಂದಾಗ ಭಾವ ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ. ಮಗಳು ಫೋನು ಕಸಿದುಕೊಂಡಳು.

‘ಲಕ್ವಾ ಅಲ್ರಿ. ನಮ್ಮವ್ವಗ ಎದಿ ಕ್ಯಾನ್ಸರ್ ಇತ್ತು, ಈಗ ತಲಿಗೆ ಏರೈತಿ...’

ಆಗಷ್ಟೇ ಜೀವ ಬಂದಿದ್ದ ಬಲಗೈಯನ್ನು ಎತ್ತಿ ಅಕ್ಕ ಮಗಳ ಬಾಯಿ ಮುಚ್ಚಲು ಹೋದಳು. ಕೈ ಗದ್ದದವರೆಗೆ ಹೋಗಿ ಸೋತಿತು. ಮಗಳು ಅದನ್ನು ಹಿಡಿದುಕೊಂಡೇ ಮಾತು ಮುಗಿಸಿದಳು.