ಮೊದಲು ನೀರು, ಆಮೇಲೆ ಎಣ್ಣೆ

ಯಂಕಂಚಿಯ ಶೆಟ್ಟೆವ್ವ ಬಂದೂಕಿಗೆ ಜಳಕ ಮಾಡಿಸುತ್ತಾಳೆ ಎಂದರೆ ಹೊಸಬರು ನಗುತ್ತಾರೆ. ನಗಲಿ ಬಿಡಿ! ನಕ್ಕವರ ಬಂದೂಕಿನ ನಳಿಗೆಯೊಳಗೆ ಒಮ್ಮೆ ಇಣುಕಿದರೆ ಯಾರು ಯಾರನ್ನು ನೋಡಿ ನಗಬೇಕೆಂದು ತಿಳಿಯುತ್ತದೆ.

ಬಾಯಿಂದ ಮದ್ದು ತುಂಬುವ ಹಳೇ ಬಂದೂಕು ಅದು. ಗಂಡ ಪರಪ್ಪ ಬೆಳೆ ಕಾಯಲೆಂದು ಲೈಸನ್ಸ್ ತೆಗೆಸಿದ್ದ. ಗೋವಿನಜೋಳಕ್ಕೆ ಹಂದಿ ಬಿದ್ದಾಗ ಗುಂಡು ಹಾಕದೆ ಬರೀ ಮದ್ದು ತುಂಬಿ ಢಂ ಎನಿಸಿದರೆ ಸಾಕು, ಹಿಂಡಿಗೆ ಹಿಂಡೇ ಹಳ್ಳ ದಾಟಿ ಓಡುತ್ತಿತ್ತು. ಆತನ ಕಣ್ಣು ಮಂದಾದ ಮೇಲೆ ಹೆಂಡತಿಯ ಹೆಸರೂ ಲೈಸನ್ಸಿಗೆ ಸೇರಿತು, ಢಂ ಎನಿಸುವ ಕೆಲಸವೂ ಆಕೆಯದಾಯಿತು. ಹೋದ ವರ್ಷ ಪರಪ್ಪ ತೀರಿಕೊಂಡ. ಈಗ ಲೈಸನ್ಸ್ ಪೂರ್ತಿ ಶೆಟ್ಟೆವ್ವನ ಹೆಸರಿಗೆ ಆಗಬೇಕು. ಅದಕ್ಕೆ ಸೋಮವಾರ ಸಿಂದಗಿಯಲ್ಲಿ ಸಾಹೇಬರ ಮುಂದೆ ತಪಾಸಣೆ. ನಳಿಗೆಯೊಳಗೆ ಜಂಗು, ಅಂದರೆ ತುಕ್ಕು, ಕಂಡರೆ ಬಂದೂಕು ಅಲ್ಲೇ ಜಮಾ. ಮರಳಿ ಮನೆಗೆ ಬರುವ ಮಾತಿಲ್ಲ.

ಶುಕ್ರವಾರ ಮುಂಜಾನೆ ಹಂದಿ ಬಂದವು. ಶೆಟ್ಟೆವ್ವ ಹಾರಿಸಿ ಮನೆಗೆ ಬಂದು, ಬಂದೂಕು ತೊಳೆಯಲು ಒಲೆಯ ಮೇಲೆ ನೀರಿಟ್ಟಿದ್ದಳಷ್ಟೇ, ಪಕ್ಕದ ಮನೆಯ ಸಾತವ್ವ ಓಡಿ ಬಂದಳು. "ಯಕ್ಕಾ, ಎಮ್ಮಿ ಈಯಾಕತ್ತೈತಿ, ಕರಾ ಅಡ್ಡ ಬಂದೈತಿ, ಲಗೂನ ಬಾ!" ಶೆಟ್ಟೆವ್ವ ಇದ್ದಂತೆಯೇ ಹೊರಟಳು.

ಮನೆಯಲ್ಲಿದ್ದವನು ಅಳಿಯ ಅನಿಲಕುಮಾರ. ಸಿಂದಗಿಯಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇಟ್ಟವ. ಬಂಗಾರದಂಥ ಮನುಷ್ಯ, ಸುಳ್ಳು ಹೇಳಬಾರದು. ಆದರೆ ಲೋಕದ ಯಾವ ರೋಗಕ್ಕೂ ಆಯಿಲ್ಲೇ ಔಷಧ ಎಂದು ನಂಬಿದವ. ಬಾಗಿಲು ಕಿರುಗುಟ್ಟಿದರೆ ಆಯಿಲ್, ಹೊಲಿಗೆ ಮಷಿನ್ ಮೊಂಡು ಹಿಡಿದರೆ ಆಯಿಲ್. ಸಂಜೆ ಅತ್ತೆ ಮನೆಗೆ ಬರುವಷ್ಟರಲ್ಲಿ ಬಂದೂಕು ಮಿರಮಿರ ಮಿಂಚುತ್ತ ಗೂಟಕ್ಕೆ ತೂಗುತ್ತಿತ್ತು.

"ಎಲ್ಲಾ ಕ್ಲೀನ್ ಮಾಡೇನ್ರಿ ಅತ್ತ್ಯಾರ," ಎಂದ. ದಣಿದಿದ್ದ ಶೆಟ್ಟೆವ್ವ ತೊಳೆದಿದ್ದಾನೆಂದೇ ತಿಳಿದು ಊಟ ಮಾಡಿ ಮಲಗಿದಳು.

ಸೋಮವಾರ ಬೆಳಿಗ್ಗೆ, ಹೊರಡುವ ಮುಂಚೆ ಒಮ್ಮೆ ನೋಡೋಣವೆಂದು ಸರಳಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಿದಳು. ಇಟ್ಟಂಗಿ ಪುಡಿಯಂಥ ಕೆಂಪು ಹತ್ತಿಕೊಂಡು ಹೊರಬಂತು.

"ಅಳಿಯಂದ್ರ! ತೊಳದಿದ್ರೋ ಇಲ್ಲೋ?"

"ತೊಳಿಯೂದಾ? ಕಬ್ಬಿಣಕ್ಕ ಯಾರರ ನೀರ ಹಾಕ್ತಾರೇನ್ರೀ? ಹೊಸಾ ಡಬ್ಬಿ ಒಡದು ಆಯಿಲ್ ಹಾಕೇನ್ರಿ!"

"ಶಿವನ! ಸುಟ್ಟ ಮದ್ದಿನಾಗ ಉಪ್ಪು ಇರ್ತೈತ್ರಿ. ಎಣ್ಣ್ಯಾಗ ಉಪ್ಪು ಕರಗತೈತೇನು? ಒಳಗ ಕುಂತು ಕಬ್ಬಿಣ ತಿಂತೈತಿ. ಹಬ್ಬದಾಗ ನಿಮಗ ಮೊದಲ ಎಣ್ಣಿ ಹಚ್ಚಿ ಆಮ್ಯಾಲ ನೀರ ಹಾಕ್ತೇನಿ, ಖರೆ. ಬಂದೂಕಿಗಿ ಮೊದಲ ನೀರು, ಆಮ್ಯಾಲ ಎಣ್ಣಿ!"

ಬೈದಳೇನೋ ಹೌದು, ಆದರೆ ಬಂದೂಕನ್ನು ಕೈಯಿಂದ ಬಿಡಲಿಲ್ಲ. ಪರಪ್ಪ ಮುಟ್ಟಿದ ವಸ್ತುಗಳಲ್ಲಿ ಇನ್ನೂ ದಿನಾ ಕೈಗೆ ಸಿಗುವುದು ಅದೊಂದೇ. ಅಳುತ್ತ ಕೂರುವ ಹೆಂಗಸಲ್ಲ ಶೆಟ್ಟೆವ್ವ. ಸೆರಗು ಬಿಗಿದಳು, ಹಂಡೆಯ ತುಂಬ ನೀರು ಕುದಿಸಿದಳು. ಬಂದೂಕಿನ ಕಟ್ಟಿಗೆಯ ಹಿಡಿಯಿಂದ ನಳಿಗೆ ಬಿಚ್ಚಿ ಅಳಿಯನ ಕೈಗೆ ಕೊಟ್ಟಳು. ಸೋಪಿನ ನೀರು ಹೊಯ್ದು ಮೊದಲು ಆ ಆಯಿಲ್ ಬಿಡಿಸಿ, ಸರಳಿಗೆ ಸುತ್ತಿದ ತೆಂಗಿನ ನಾರಿಗೆ ಬೂದಿ ಹಚ್ಚಿ ಒಳಗೆ ತಿಕ್ಕಿದಳು, ಮತ್ತೆ ಕುದಿನೀರು ಹೊಯ್ದಳು.

"ಅಯ್ಯಯ್ಯೋ, ಕೈ ಸುಡಾಕತ್ತಾವ್ರೀ!"

"ಗೋಣಿಚೀಲ ಸುತ್ತಿ ಹಿಡೀರಿ. ನಳಗಿ ಅಷ್ಟ ಕಾದ್ರನ ಒಳಗಿನ ಹಸಿ ತಾನ ಆರತೈತಿ."

ಪರಪ್ಪನ ಹಳೇ ಧೋತರ ಹರಿದು ಒಂದೊಂದೇ ತುಂಡು ತೂರಿಸಿದಳು. ಒಂದು ಕೆಂಪು, ಒಂದು ಕಂದು, ಒಂದು ಮಾಸಲು. ಏಳನೆಯದು ಬಿಳಿ ಬಂತು. "ಈಗ ಬರ್ಲಿ ನಿಮ್ಮ ಆಯಿಲ್," ಎಂದಳು. ಅನಿಲಕುಮಾರ ಡಬ್ಬಿ ಹಿಡಿದು ಓಡಿ ಬಂದ.

ಬಂದೂಕನ್ನು ಕೌದಿಯಲ್ಲಿ ಸುತ್ತಿಕೊಂಡು ಅಳಿಯನ ಗಾಡಿಯ ಹಿಂದೆ ಕುಳಿತು ಸಿಂದಗಿ ಮುಟ್ಟಿದಾಗ ದೊಡ್ಡ ದೊಡ್ಡ ಮೀಸೆಯವರ ಸಾಲೇ ನಿಂತಿತ್ತು. ಹವಾಲ್ದಾರ ಗೈಬುಸಾಬ ಒಬ್ಬೊಬ್ಬರ ನಳಿಗೆಗೂ ಬಿಳಿ ಬಟ್ಟೆ ತೂರಿಸಿ ತೆಗೆಯುತ್ತಿದ್ದ. ಮುಂದಿನ ಇಬ್ಬರದು ಕೆಂಪು ಬಂತು, ಇಬ್ಬರದೂ ಜಮಾ ಆಯಿತು. ಆಕೆಯ ಸರದಿ ಬಂದಾಗ ಸಾಹೇಬರು ಕಾಗದ ನೋಡಿ, "ಯವ್ವಾ, ನಿಮಗ್ಯಾಕ ಈ ವಯಸ್ಸಿನಾಗ ಇದರ ಉಸಾಬರಿ? ಅಳಿಯನ ಹೆಸರಿಗಿ ಅರ್ಜಿ ಕೊಡ್ರಲ್ಲಾ," ಎಂದರು.

ಅಳಿಯ ಹೂಂ ಅಂದಿದ್ದರೆ ಬಂದೂಕು ಅವನ ಹೆಸರಿಗೇ ಆಗಿಹೋಗುತ್ತಿತ್ತು. ಆದರೆ ಅನಿಲಕುಮಾರನ ಬಾಯಿ ತಡೆಯಲಿಲ್ಲ. "ಬ್ಯಾಡ್ರಿ ಸಾಹೇಬ್ರ. ನನ್ನ ಕೈಗಿ ಸಿಕ್ಕು ಮೂರ ದಿನದಾಗ ಅದಕ್ಕ ಜಂಗು ಹಿಡೀತ್ರಿ. ಬಿಡಿಸಿದವ್ರು ಅತ್ತ್ಯಾರ."

ಅಯ್ಯೋ ನನ್ನಪ್ಪಾ, ಜಂಗಿನ ಮಾತು ಇಲ್ಲಿಯೇ ಆಡಬೇಕೆ! ಶೆಟ್ಟೆವ್ವ ಅಳಿಯನ ಅಂಗಿ ಹಿಡಿದು ಜಗ್ಗಿದಳು.

"ಜಂಗಾ? ತೂರಸ್ರಿ ನೋಡೋಣು," ಎಂದರು ಸಾಹೇಬರು. ಗೈಬುಸಾಬ ಬಟ್ಟೆ ತೂರಿಸಿ ಎಳೆದ. ಬಿಳಿ. ನಂಬದೆ ಇನ್ನೊಂದು ತುಂಡು ತೂರಿಸಿದ. ಅದೂ ಬಿಳಿ.

"ಏನ ಹಚ್ಚಿದ್ರೀ ಯವ್ವಾ?"

"ನೀರು, ಸಾಹೇಬ್ರ. ಕುದಿಯೂ ನೀರು."

ಸಾಹೇಬರು ನಗುತ್ತ ಸಹಿ ಹಾಕಿದರು. ಹೊಸ ಲೈಸನ್ಸ್ ಪುಸ್ತಕದಲ್ಲಿ 'ಶೆಟ್ಟೆವ್ವ ಗಂಡ ಪರಪ್ಪ' ಎಂದು ಬರೆದದ್ದನ್ನು ಆಕೆ ಬೆರಳಿಟ್ಟು ಎರಡು ಸಲ ಓದಿದಳು. ಈಗ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟಳು.

ತಿರುಗಿ ನೋಡಿದರೆ ಹಿಂದಿನ ಸಾಲು ಅರ್ಧ ಖಾಲಿ! ಮೀಸೆಯವರೆಲ್ಲ ಎದುರಿನ ಚಹಾದ ಅಂಗಡಿಯಲ್ಲಿ ಬಂದೂಕು ಹಿಡಿದು ಬಿಸಿನೀರು ಬೇಡುತ್ತಿದ್ದರು. ನಡುವೆ ನಿಂತ ಅನಿಲಕುಮಾರ ದೊಡ್ಡ ದನಿಯಲ್ಲಿ ಪಾಠ ಹೇಳುತ್ತಿದ್ದ: "ಆಯಿಲ್ ಬಾಜೂಕ ಇಡ್ರೀ! ಮೊದಲ ನೀರು!"