ಉತ್ತರದ ಬಾಗಿಲಿನ ದೆವ್ವ

ಸದಾಶಿವನಗರದಲ್ಲಿ ನಾನೊಂದು ಮನೆ ಕಟ್ಟಿಸುತ್ತಿದ್ದೇನೆ. ಕಟ್ಟಿಸುತ್ತಿದ್ದೇನೆ ಅನ್ನುವುದು ದೊಡ್ಡ ಮಾತು. ಮೇಸ್ತ್ರಿ ಕಟ್ಟುತ್ತಾನೆ, ಹೆಂಡತಿ ಹೇಳಿ ಕಟ್ಟಿಸುತ್ತಾಳೆ, ನಾನು ಗೋಡೆಗೆ ನೀರು ಬಿಡುತ್ತೇನೆ. ಮೊನ್ನೆ ಹಾಗೆ ನೀರು ಬಿಡುವಾಗ ಎದ್ದ ಹಸಿ ಸಿಮೆಂಟಿನ ವಾಸನೆಗೆ ಉಪ್ಪಾರಹಳ್ಳಿಯ ನಮ್ಮ ದೊಡ್ಡಪ್ಪ ನೆನಪಾಗಿ, ಪೈಪು ಹಿಡಿದುಕೊಂಡೇ ನಗು ಬಂತು. ಯಾಕೆ ಅಂತ ಕೇಳಿ, ಹೇಳುತ್ತೇನೆ.

ದೊಡ್ಡಪ್ಪನದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ವ್ಯಾಪಾರವನ್ನು ಮಗ ಮಂಜುವಿಗೆ ಒಪ್ಪಿಸಿದ ವರ್ಷ ಯಾರದೋ ಮಾತು ಕೇಳಿ ಇಂಗ್ಲೆಂಡಿಗೆ ಟೂರ್ ಹೊರಟರು. ಅಲ್ಲಿ ಅರಮನೆ, ಸೇತುವೆ ಯಾವುದೂ ಅವರ ತಲೆಗೆ ಹತ್ತಲಿಲ್ಲ. ಒಂದು ಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎದುರಿಗೆ ಹಳೇ ಕಾಲದ ಕಲ್ಲಿನ ಚರ್ಚು. ಒಳಗೆ ಹೂವು ಜೋಡಿಸುತ್ತಿದ್ದ ಮುದುಕಿ, ಪಾಪ, ಇವರನ್ನು ಕರೆದು ಇಡೀ ಚರ್ಚು ತೋರಿಸಿದಳು. ಟೂರ್ ಮ್ಯಾನೇಜರ್ ಕನ್ನಡದಲ್ಲಿ ಬಿಡಿಸಿ ಹೇಳಿದ. ಬಸ್ಸು ರಿಪೇರಿಯಾಯಿತು, ದೊಡ್ಡಪ್ಪ ಆಗಲಿಲ್ಲ.

"ಗುಂಡನೆ ಕಮಾನು ಹಳೇದು ಕಣ್ಲಾ, ಚೂಪು ಕಮಾನು ಆಮೇಲಿಂದು," ಎಂದು ನನ್ನನ್ನು ಕೂರಿಸಿಕೊಂಡು ಹೇಳೋರು. "ಗಂಟೆ ಗೋಪುರ ಕಟ್ಸಿದ್ದು ಯಾರು ಗೊತ್ತಾ? ಉಣ್ಣೆ ವ್ಯಾಪಾರದೋನು! ಅವ್ರಿಗೆ ಉಣ್ಣೆ, ನಮ್ಗೆ ಕೊಬ್ರಿ. ಅಷ್ಟೇಯ ವ್ಯತ್ಯಾಸ." ಮಳೆನೀರು ಉಗುಳುವ ಕಲ್ಲಿನ ವಿಕಾರ ಮುಖಗಳು ಅವರಿಗೆ ಎಷ್ಟು ಹಿಡಿಸಿದ್ದವೆಂದರೆ, ಮನೆಯ ತಾರಸಿಯ ಪೈಪಿಗೂ ಒಂದು ಮುಖ ಮಾಡಿಸಿ ಕೂರಿಸಿದರು. ನೋಡಿದವರೆಲ್ಲ ಮಂಜುವಿನ ಹೋಲಿಕೆ ಇದೆ ಅಂದರು. ಮಂಜು ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡಿದ, ಹೋಲಿಕೆ ಇನ್ನೂ ಜಾಸ್ತಿಯಾಯಿತು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ಚರ್ಚಿನ ಉತ್ತರದ ಬಾಗಿಲನ್ನು ಕಲ್ಲಿಟ್ಟು ಮುಚ್ಚಿದ್ದರಂತೆ. ಅದು ದೆವ್ವದ ಬಾಗಿಲು. ಮಗುವಿಗೆ ಹೆಸರಿಡುವಾಗ ತೆರೆದರೆ ದೆವ್ವ ಆಚೆ ಹೋಗುತ್ತಿತ್ತಂತೆ, ಮತ್ತೆ ಒಳಗೆ ಬರದಿರಲಿ ಅಂತ ಆಮೇಲೆ ಮುಚ್ಚಿದರಂತೆ. ಮುದುಕಿ "ಹಾಗಂತ ಜನ ಹೇಳ್ತಾರೆ" ಅಂತಲೂ ಸೇರಿಸಿದ್ದಳು. ಆ ಭಾಗವನ್ನು ದೊಡ್ಡಪ್ಪ ಇಂಗ್ಲೆಂಡಿನಲ್ಲೇ ಬಿಟ್ಟು ಬಂದಿದ್ದರು. ಮಂಡಿನೋವಿನಿಂದ ಹಿಡಿದು ಕೊಬ್ಬರಿ ರೇಟಿನವರೆಗೆ ಎಲ್ಲಕ್ಕೂ ಕಾರಣ ಸಿಕ್ಕಿಬಿಟ್ಟಿತು. ನಮ್ಮನೆ ಉತ್ತರದ ಬಾಗಿಲು ಮುಚ್ಚಿಸಬೇಕು!

ಆ ಬಾಗಿಲು ದೊಡ್ಡಮ್ಮನ ಉಸಿರು. ಅದು ತೆರೆಯುವ ಓಣಿಯ ಆಚೆಗೇ ಮಗಳು ಗಿರಿಜಕ್ಕನ ಮನೆ. ಸಾರು, ಸುದ್ದಿ, ಜಗಳ, ಎಲ್ಲ ಅಲ್ಲಿಂದಲೇ ಓಡಾಡುತ್ತಿದ್ದವು. ಬೀದಿಯ ಹೆಂಗಸರೆಲ್ಲ ಸಂಜೆ ಆ ಹೊಸ್ತಿಲಲ್ಲೇ ಇರುತ್ತಿದ್ದರು. "ಅದ್ನ ಮುಚ್ಚಿದ್ರೆ ನನ್ನೂ ಗೋಡೆ ಒಳಗೇ ಇಟ್ಟು ಮುಚ್ಸಿ," ಎಂದು ದೊಡ್ಡಮ್ಮ ಸೌಟು ಹಿಡಿದು ನಿಂತರು.

ಕುಣಿಗಲ್ಲಿನಿಂದ ವಾಸ್ತುವಿನವರು ಬಂದರು. ಉತ್ತರ ಕುಬೇರನ ದಿಕ್ಕು, ಮುಚ್ಚಲೇಬಾರದು ಅಂದರು. ಚರ್ಚು ಪೂರ್ವಕ್ಕೆ ತಿರುಗಿದೆ ಅಂತ ಕೇಳಿ ತಲೆದೂಗಿ, "ಶೌಚಾಲಯ ಯಾವ ಮೂಲೇಲಿ?" ಎಂದು ಕೇಳಿದರು. ಇರಲಿಲ್ಲ ಅಂದರು ದೊಡ್ಡಪ್ಪ. "ಅದಕ್ಕೇ ಸ್ವಾಮಿ ಇಷ್ಟು ಶತಮಾನ ನಿಂತದೆ!"

ಕೊನೆಗೆ ದಾರಿ ತೋರಿಸಿದವರು ದೊಡ್ಡಮ್ಮ. "ದೆವ್ವ ಹೋಗಕ್ಕೇ ತಾನೆ ಬಾಗ್ಲು? ಈಗ್ಲೇ ಮುಚ್ಚಿದ್ರೆ ಅದು ಒಳಗೇ ಉಳ್ಕೊಳಲ್ವಾ?" ದೊಡ್ಡಪ್ಪ ಬೆಚ್ಚಿದರು. ಸರಿ, ಮನೆಯಲ್ಲಿ ನಾಮಕರಣವಾಗಲಿ, ದೆವ್ವ ಹೋಗಲಿ, ಅವತ್ತೇ ಮುಚ್ಚುವುದು ಅಂತ ತೀರ್ಮಾನವಾಯಿತು. ಅಲ್ಲಿಯವರೆಗೆ ಮೊಮ್ಮಗು ಬೇಕು ಅಂತ ಮಂಜುವಿನ ಹೆಂಡತಿಯ ಪ್ರಾಣ ಹಿಂಡುತ್ತಿದ್ದ ದೊಡ್ಡಮ್ಮ ಮರುದಿನದಿಂದ ರಾಗವನ್ನೇ ಬದಲಾಯಿಸಿದರು. "ಏನವಸ್ರ ಬುಡಮ್ಮ, ಹುಡುಗ್ರು ನೀವು, ಓಡಾಡ್ಕಂಡಿರಿ."

ಆದರೆ ಮಗು ಹುಟ್ಟಿತು, ಮುದ್ದಾದ ಹೆಣ್ಣುಮಗು. ನಾಮಕರಣದ ದಿನ ಹೊರಗೆ ಇಟ್ಟಿಗೆ ರಾಶಿ, ಕಲಸಿಟ್ಟ ಸಿಮೆಂಟು, ಕರಣೆ ಹಿಡಿದ ಮೇಸ್ತ್ರಿ. ದೊಡ್ಡಮ್ಮನ ಮುಖದಲ್ಲಿ ಕಳೆಯೇ ಇಲ್ಲ. ದೊಡ್ಡಪ್ಪ ಉತ್ತರದ ಬಾಗಿಲನ್ನು ಹಾರು ಹೊಡೆದು ತೆರೆದು, "ದಾರಿ ಬಿಡ್ರೋ!" ಅಂದರು. ನಾವೆಲ್ಲ ಗೋಡೆಗೆ ಅಂಟಿ ನಿಂತೆವು. ಅಷ್ಟರಲ್ಲಿ ಆ ಬಾಗಿಲಿನಿಂದ ಗಿರಿಜಕ್ಕ ತಟ್ಟೆ ಹಿಡಿದು ಒಳಗೆ ಬಂದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಅವಳೇ ಅಲ್ಲವೆ!

"ಏಯ್, ಅದು ಆಚೆಗೋಗ್ಲಿ, ತಡಿಯೇ!"

"ನಾಳೆಯಿಂದ ಹೆಂಗೂ ಈ ಕಡೆ ಬರೋ ಹಂಗಿಲ್ವಲ್ಲಪ್ಪ, ಇವತ್ತೊಂದಿನ ಬರ್ತೀನಿ," ಅಂದಳು ಗಿರಿಜಕ್ಕ. ಅವಳ ಕಣ್ಣು ತುಂಬಿತ್ತು.

ಮೇಸ್ತ್ರಿ ಹೊರಗಿನಿಂದ ಇಣುಕಿ, "ಯಜಮಾನ್ರೇ, ಅದು ಹೋಯ್ತಾ? ಕಲಸಿದ್ದು ಗಟ್ಟಿಯಾಯ್ತದೆ," ಎಂದ.

ದೊಡ್ಡಪ್ಪ ಮಗಳನ್ನು ನೋಡಿದರು, ಬಾಗಿಲಲ್ಲಿ ಸೇರಿದ್ದ ಹೆಂಗಸರನ್ನು ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ, ಚಿಕ್ಕ ಹುಡುಗರ ದನಿಯಲ್ಲಿ, "ಎಲ್ಲಾ ಇಲ್ಲೇ ಬಂದು ಇಲ್ಲೇ ಹೋಗ್ತೀರ. ನಾನು ವ್ಯಾಪಾರ ಬಿಟ್ಟಾಗಿಂದ ಮುಂದಿನ ಬಾಗ್ಲಲ್ಲಿ ಒಬ್ನೇ ಕೂತಿರ್ತೀನಿ. ಯಾರಾದ್ರೂ ಬಂದೀರಾ?" ಅಂದರು.

  ದೊಡ್ಡಮ್ಮ ಸೀದಾ ಮುಂದಿನ ಜಗಲಿಗೆ ಹೋಗಿ, ದೊಡ್ಡಪ್ಪನ ಬೆತ್ತದ ಕುರ್ಚಿಯನ್ನು ಎಳೆದು ತಂದು ಉತ್ತರದ ಹೊಸ್ತಿಲ ಪಕ್ಕ ಹಾಕಿದರು. "ಇಷ್ಟಕ್ಕೆ ಇಂಗ್ಲೆಂಡಿಗೆ ಹೋಗ್ಬೇಕಿತ್ತಾ? ಕೂತ್ಕಳಿ," ಅಂದರು. ಕಲಸಿದ ಸಿಮೆಂಟಿನಲ್ಲಿ ಮೇಸ್ತ್ರಿ ಬಚ್ಚಲ ಕಟ್ಟೆ ಸರಿಮಾಡಿ ಊಟ ಮಾಡಿಕೊಂಡು ಹೋದ.

ಮೊನ್ನೆ ಪೈಪು ಅಲ್ಲೇ ಬಿಟ್ಟು ಉಪ್ಪಾರಹಳ್ಳಿಗೆ ಹೋದೆ. ಹೋಗಿ ವರ್ಷವಾಗಿತ್ತು. ಓಣಿಯಲ್ಲಿ ದೊಡ್ಡಪ್ಪ ಸೊಪ್ಪು ಬಿಡಿಸುತ್ತಾ, ಹೆಂಗಸರ ನಡುವೆ, ಯಾರದೋ ಮನೆಯ ಜಗಳ ಕೇಳುತ್ತಿದ್ದರು. ಅದೇ ಸಮಯ ಅಂತ ನಾನು ಚರ್ಚಿನ ಮಾತೆತ್ತಿದೆ.

"ಸುಮ್ನಿರ್ಲಾ," ಎಂದು ಗದರಿದರು, "ಆಮೇಲೆ ಆ ಸೊಸೆ ಏನಂದ್ಲಂತೆ, ಅದ್ ಕೇಳನ."